ಮೂರು ಇಪ್ಪತ್ತರಲ್ಲಿ ನಿಂತ ಮಧ್ಯಾಹ್ನ

ಚಾವಡಿಯ ಕಂಪ್ಯೂಟರನ್ನು ಕೆಡಿಸಿದವಳು ಮಿಕ್ಸಿ ವಿಶಾಲಾಕ್ಷಿ ಎಂದು ಹೇಳುವವರು ನಮ್ಮೂರಲ್ಲಿ ಇನ್ನೂ ನಾಲ್ಕು ಜನ ಸಿಗುತ್ತಾರೆ. ಸಿಗಲಿ. ನಾನು ಕೆಡಿಸಲಿಲ್ಲ, ಕೆಡುತ್ತಿದ್ದುದನ್ನು ಸರಿ ಮಾಡಲು ಹೋದೆ. ನಡುವೆ ಒಂದು ಮಧ್ಯಾಹ್ನ ಬೇಕಾದ್ದಕ್ಕಿಂತ ಉದ್ದವಾಯಿತು. ಎಷ್ಟು ಉದ್ದ ಎಂದು ಕೇಳಬೇಡಿ, ನಮ್ಮೂರಲ್ಲಿ ಬೇರೆ ಗಡಿಯಾರ ಇಲ್ಲ. ಜನ ಎರಡು ನಿದ್ದೆ ಮಾಡಿ ಎದ್ದರು, ಮೂರು ಸಲ ಉಂಡರು, ಬೆಳಿಗ್ಗೆ ರುಬ್ಬಿಟ್ಟಿದ್ದ ಇಡ್ಲಿ ಹಿಟ್ಟು ಉಕ್ಕಿ, ಹುಳಿಯಾಗಿ, ಕೊನೆಗೆ ಎಸೆಯುವ ಹಾಗಾಯಿತು. ಸೂರ್ಯ ಮಾತ್ರ ಚಾವಡಿಯ ಪಡುವಣ ಕಿಟಕಿಯ ಮೂರನೇ ಸರಳಿನ ಮೇಲೆ ಕೂತವನು ಕೂತೇ ಇದ್ದ.

ಚಾವಡಿಯ ಕಂಪ್ಯೂಟರು ಎಷ್ಟು ಗಂಟೆ ಎನ್ನುತ್ತದೋ ನಮ್ಮೂರಲ್ಲಿ ಅಷ್ಟೇ ಗಂಟೆ. ಅದು ಆರು ಬಾರಿಸಿದರೆ ಬೆಳಗಾಗುತ್ತದೆ, ಸಂಜೆ ಆರು ಬಾರಿಸಿದರೆ ಹೊರಗಿನ ಊರಿನ ಬಸ್ಸು ಕೆರೆಯ ತಿರುವಿನಲ್ಲಿ ಕಾಣುತ್ತದೆ. ಹಿಂದೆ ಅಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರವಿತ್ತು. ಅದನ್ನು ಇಳಿಸಿ ಕಂಪ್ಯೂಟರು ಇಟ್ಟ ದಿನ, ಒಂಬತ್ತು ವರ್ಷದ ಕೆಳಗೆ, ಯಾರದೋ ಬೆರಳು ತಪ್ಪಿ ತಾರೀಖು ಹನ್ನೊಂದು ದಿನ ಹಿಂದಕ್ಕೆ ಹೋಯಿತು. ಮುಂದಕ್ಕೆ ತಳ್ಳಲು ಯಾರಿಗೂ ಧೈರ್ಯ ಬರಲಿಲ್ಲ. ಆ ಹನ್ನೊಂದು ದಿನಗಳನ್ನು ಊರು ಮತ್ತೊಮ್ಮೆ ಬದುಕಿತು. ಒಂದು ಮದುವೆ ಎರಡನೇ ಸಲ ಆಯಿತು, ಅದೇ ಅಡುಗೆಯವರು, ಅದೇ ಉಪ್ಪು ಹೆಚ್ಚಾದ ಹುಳಿ. ಆ ದಿನಗಳಲ್ಲಿ ಸತ್ತಿದ್ದವರು ಎದ್ದು ಬಂದು, ಮತ್ತೆ ಅದೇ ದಿನ ಅದೇ ಹೊತ್ತಿಗೆ ಸತ್ತರು. ಹುಟ್ಟು ಮಾತ್ರ ಹಾಗಾಗಲಿಲ್ಲ. ಹಾಲಿನ ಕರಿಯಮ್ಮನ ಹಸು ಮೊದಲ ಸಲ ಕೆಂದು ಹೆಣ್ಣುಗರು ಹಾಕಿತ್ತು, ಎರಡನೇ ಸಲ ಹಾಕಿದ್ದು ಕರಿ ಹೋರಿಗರು. ಆ ಕೆಂದು ಕರು ಎಲ್ಲಿ ಹೋಯಿತೆಂದು ಕರಿಯಮ್ಮ ಇವತ್ತಿಗೂ ಕೇಳುತ್ತಾಳೆ.

ಅಂದಿನಿಂದ ಜನ ಆ ಕಂಪ್ಯೂಟರಿಗೆ ಹೆದರಿ ನಡೆಯತೊಡಗಿದರು. ಅದರ ಪ್ಲಗ್ಗಿಗೆ ಅರಿಶಿನ ಕುಂಕುಮ ಹಚ್ಚಿದರು. ಸ್ವಿಚ್ಚನ್ನು ಯಾರೂ ಮುಟ್ಟದಂತೆ ಮೇಲೆ ತಗಡು ಹೊಡೆದರು. ಕರೆಂಟು ಹೋದರೂ ಅದು ಆರದ ಹಾಗೆ ಗೋಡೆಯ ಸಾಕೆಟ್ಟಿಗೆ ಎರಡು ಲಾರಿ ಬ್ಯಾಟರಿ ತಂದು ಕಟ್ಟಿದರು. ಒಂಬತ್ತು ವರ್ಷ ಅದು ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ನಮ್ಮ ತಪ್ಪು ಅಲ್ಲೇ ಇತ್ತು, ಆಗ ನನಗೂ ಗೊತ್ತಿರಲಿಲ್ಲ.

ಈಚೆಗೆ ಅದಕ್ಕೆ ಮುಪ್ಪು ಕಾಣಿಸಿಕೊಂಡಿತ್ತು. ಒಂದು ದಿನ ಹನ್ನೊಂದೂವರೆಯಿಂದ ಹನ್ನೆರಡೂಕಾಲಿಗೆ ನೆಗೆದು ಶಾಲೆಯ ಅನ್ನ ಅರ್ಧ ಬೆಂದಿತು. ಇನ್ನೊಂದು ದಿನ ಮುಸ್ಸಂಜೆ ಎರಡು ಸಲ ಬಂದು ಊರೆಲ್ಲ ಎರಡೆರಡು ಸಲ ದೀಪ ಹಚ್ಚಿತು. ಚೇರ್ಮನ್ ಕೆಂಪರಾಜಣ್ಣ ನನ್ನ ಅಂಗಡಿಗೆ ಬಂದು ನಿಂತ. ನನ್ನದು ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ ರಿಪೇರಿ. ಯಾರೂ ಕಲಿಸಿದ್ದಲ್ಲ, ಬಿಚ್ಚಿ, ಸುಟ್ಟುಕೊಂಡು, ಮತ್ತೆ ಜೋಡಿಸಿ ಕಲಿತದ್ದು. ಕಂಪ್ಯೂಟರನ್ನೂ ಹಾಗೇ ಕಲಿತಿದ್ದೆ. "ವಿಶಾಲಕ್ಕ, ಅದೇನೋ ಹಳೇ ಪೆಟ್ಟಿಗೆಗೂ ಆಗ್ತದಂತಲ್ಲ, ಲಿನಕ್ಸು, ಅದನ್ನ ಹಾಕಿಕೊಡವ್ವ," ಎಂದ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಆ ಹೊಸ ವ್ಯವಸ್ಥೆಯ ಎರಡು ಸಿಡಿಗಳನ್ನು ಬಸ್ಸಿನ ಕಂಡಕ್ಟರಿಗೆ ಹೇಳಿ ತರಿಸಿದೆ. ಹಾಕುವಷ್ಟು ಹೊತ್ತು ಊರಿನ ಹೊತ್ತು ನಿಲ್ಲುವುದಂತೂ ಖಂಡಿತ. ಎಲ್ಲರೂ ಉಂಡು ಮಲಗಿರುವ ಮೂರು ಇಪ್ಪತ್ತು ಒಳ್ಳೆಯದೆಂದು ತೀರ್ಮಾನವಾಯಿತು. "ಇವತ್ತು ಮಧ್ಯಾಹ್ನದ ನಿದ್ದೆ ಒಂಚೂರು ಜಾಸ್ತಿ ಮಾಡಿ" ಎಂದು ತಮಟೆ ಹೊಡೆಸಿದರು.

ಚಾವಡಿಯ ಗುಮಾಸ್ತೆ ರೇವತಿ ತಗಡು ಕಿತ್ತುಕೊಟ್ಟಳು. ಅವಳ ಮಗಳು ಚಾರು, ನಾಲ್ಕು ವರ್ಷದ್ದು, ಫೈಲುಗಳ ಬೀರುವಿನ ಪಕ್ಕ ಕಂಬಳಿಯ ಮೇಲೆ ಮಲಗಿತ್ತು. ಮೊದಲ ಸಿಡಿಯನ್ನು ಪೆಟ್ಟಿಗೆ ಬಾಯಿಗೇ ಇಟ್ಟುಕೊಳ್ಳಲಿಲ್ಲ. ಇದು ಹೊಸ ಕಂಪ್ಯೂಟರುಗಳಿಗೆ, ನನಗಲ್ಲ ಎಂದು ಒಂದೇ ಸಾಲು ಬರೆದು ಸುಮ್ಮನಾಯಿತು. ಎರಡನೆಯದಕ್ಕೆ ಪರದೆ ಕಪ್ಪಾಗಿ ನಿಂತಿತು. ಚಿತ್ರ ತೋರಿಸುವ ಭಾಗವನ್ನು ಈಗಲೇ ಎಬ್ಬಿಸಬೇಡ ಎಂದು ಮೊದಲ ಸಾಲಿನಲ್ಲಿ ಒಂದು ಪದ ಸೇರಿಸಿದ ಮೇಲೆ ಅಕ್ಷರಗಳು ಬಂದವು. ಅರ್ಧಕ್ಕೆ ಬಂದು ನಿಂತಿತು. ರ್ಯಾಮ್ ಪಟ್ಟಿ ಕಿತ್ತು, ಅದರ ಹಿತ್ತಾಳೆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದೆ. ಮುಕ್ಕಾಲಿಗೆ ಬಂದು ನಿಂತಿತು. ಚಾವಡಿಯಲ್ಲಿ ಬಿಡಿಭಾಗಕ್ಕೆಂದೇ ಧೂಳು ಹಿಡಿಯುತ್ತಿದ್ದ ಇನ್ನೆರಡು ಹಳೆಯ ಕಂಪ್ಯೂಟರುಗಳಲ್ಲಿ ಒಂದರಿಂದ ಬೇರೆ ಪಟ್ಟಿ ತೆಗೆದು ಕೂರಿಸಿದೆ. ಅಷ್ಟರಲ್ಲಿ ಊರು ಒಂದು ನಿದ್ದೆ ಮುಗಿಸಿ ಚಾವಡಿಯ ಮುಂದೆ ಸೇರಿತ್ತು.

"ಏನಕ್ಕ, ಮಿಕ್ಸಿ ಜಾರ್ ಸಿಕ್ಕಾಕ್ಕೊಂಡೈತಾ," ಎಂದು ಕಟಿಂಗ್ ಶಾಪಿನ ಚೌಡಪ್ಪ ಹೊರಗಿನಿಂದಲೇ ಕೇಳಿದ.

"ನಿನ್ನ ನಾಲಿಗೆ ಸಿಕ್ಕಾಕ್ಕೊಂಡಿದ್ರೆ ಇಷ್ಟೊತ್ತಿಗೆ ಮುಗಿದಿರೋದು," ಎಂದೆ. ಜನ ನಕ್ಕರು. ಆಗ ಇನ್ನೂ ನಗು ಬರುತ್ತಿತ್ತು.

ಕೊನೆಗೆ ಎಲ್ಲ ಮುಗಿಯಿತು, ಮತ್ತೆ ಶುರು ಮಾಡಿ ಎಂದು ಪರದೆ ಹೇಳಿತು. ಒತ್ತಿದೆ. ಅದು ಆರಲೂ ಇಲ್ಲ, ಏಳಲೂ ಇಲ್ಲ. ಮೂಲೆಯಲ್ಲಿ ಒಂದು ಗೆರೆ ಮಿನುಗುತ್ತ ಕೂತಿತು. ಕಾದು ಕಾದು, ಹಟ ಹಿಡಿದ ಮಿಕ್ಸಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಅರಿಶಿನ ಹಚ್ಚಿದ ಪ್ಲಗ್ಗನ್ನು ಕಿತ್ತು, ಮತ್ತೆ ಚುಚ್ಚಿದೆ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂತು. ಒಳಗಿನ ಗಡಿಯಾರದ ಸೆಲ್ಲು ಸತ್ತಿದೆ. ರ್ಯಾಮ್ ಬದಲಿಸಲು ಆರಿಸಿದಾಗಲೂ ಇದು ಬಂದಿರಬೇಕು, ಸಿಡಿಯ ಮೇಲೇ ಕಣ್ಣಿಟ್ಟಿದ್ದ ನಾನು ಓದಿರಲಿಲ್ಲ. ಅದರ ಕೆಳಗೆ ತಾರೀಖು: ಜನವರಿ ಒಂದು, ಹನ್ನೊಂದು ವರ್ಷ ಹಿಂದಿನದು, ಆ ಪೆಟ್ಟಿಗೆ ತಯಾರಾದ ವರ್ಷದ್ದು. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಗುಂಡನೆಯ, ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಸೆಲ್ಲೊಂದಿರುತ್ತದೆ. ಪೆಟ್ಟಿಗೆ ಆರಿರುವಾಗ ತಾರೀಖನ್ನು ಹಿಡಿದಿಟ್ಟುಕೊಳ್ಳುವುದು ಅದು. ಒಂಬತ್ತು ವರ್ಷ ಯಾರೂ ಆರಿಸದೆ ಪೂಜೆ ಮಾಡಿದ್ದರಿಂದ ಅದು ಯಾವಾಗ ಸತ್ತಿತೆಂದು ಯಾರಿಗೂ ತಿಳಿದಿರಲಿಲ್ಲ.

ಸಿಡಿ ಹೊರತೆಗೆಯಲು ನಾನು ಮರೆತಿದ್ದೆ. ಆ ಮರೆವು ಊರನ್ನು ಉಳಿಸಿತು. ಪೆಟ್ಟಿಗೆ ತನ್ನ ಹಾರ್ಡ್‌ಡಿಸ್ಕಿನಿಂದ ಏಳದೆ ಸಿಡಿಯಿಂದಲೇ ಎದ್ದಿತು. ಸಿಡಿಯಿಂದ ಎದ್ದಾಗ ಅದು ಏನು ಹೇಳಿದರೂ ಜ್ವರದಲ್ಲಿ ಬಡಬಡಿಸಿದ ಹಾಗೆ, ಊರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತನ್ನ ಹಾರ್ಡ್‌ಡಿಸ್ಕಿನಿಂದ ಎದ್ದು ಮೊದಲು ಯಾವ ತಾರೀಖು ಹೇಳುತ್ತದೋ ಊರಿಗೆ ಅದೇ ದಿನ. ಕಿಟಕಿ ಕಡೆ ನೋಡಿದೆ. ಬಿಸಿಲು ಮೂರನೇ ಸರಳಿನ ಮೇಲೇ ಇತ್ತು. ನನ್ನ ಸೆರಗು ಬೆವರಿಗೆ ಬೆನ್ನಿಗಂಟಿತ್ತು.

ರೇವತಿ ನನ್ನ ಹೆಗಲ ಮೇಲಿಂದ ಆ ವರ್ಷವನ್ನು ಓದಿದ್ದಳು. ಹೋಗಿ, ಮಲಗಿದ್ದ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಕ್ಕ, ಹಂಗೇ ಎದ್ದಿದ್ರೆ ನನ್ನ ಮಗು?"

"ಎದ್ದಿಲ್ಲವಲ್ಲ," ಎಂದೆ.

ಮಾಡಬೇಕಾದ ಕೆಲಸ ನನಗೆ ಸ್ಪಷ್ಟವಾಗಿತ್ತು. ಸಿಡಿಯಿಂದ ಎದ್ದಿರುವಾಗಲೇ ಇವತ್ತಿನ ತಾರೀಖು, ಮೂರು ಇಪ್ಪತ್ತು ಎಂದು ಬರೆದು ಒಳಗಿನ ಗಡಿಯಾರಕ್ಕೆ ಒಪ್ಪಿಸಬಹುದು. ಆದರೆ ಅಲ್ಲಿಂದ ಹಾರ್ಡ್‌ಡಿಸ್ಕಿಗೆ ದಾಟಬೇಕಾದರೆ ಒಮ್ಮೆ ಆರಿ ಹೊತ್ತಲೇಬೇಕು. ಆರಿಸದೆ ದಾಟಿಸಲು ನಾಲ್ಕು ಸಲ ನೋಡಿದೆ. ನಾಲ್ಕು ಸಲವೂ ಅದೇ ಮಿನುಗುವ ಗೆರೆ. ಆರಿ ಹೊತ್ತುವ ನಡುವೆ ಕೈಹಾಕಿ ತಾರೀಖು ತಿದ್ದೋಣವೆಂದರೆ, ಕೀಬೋರ್ಡು ಹೊಸದು, ಪೆಟ್ಟಿಗೆ ಹಳೆಯದು. ಸಿಡಿಯೋ ಲಿನಕ್ಸೋ ಎದ್ದು ಮಾತಾಡುವವರೆಗೆ ಒಂದರ ಗುರುತು ಇನ್ನೊಂದಕ್ಕಿಲ್ಲ. ಆರಿರುವ ಆ ನಾಲ್ಕು ಉಸಿರಿನಷ್ಟು ಹೊತ್ತು ತಾರೀಖನ್ನು ಹಿಡಿದುಕೊಳ್ಳಲು ಜೀವವಿರುವ ಒಂದು ಸೆಲ್ಲು ಬೇಕು. ಬಿಡಿಭಾಗದ ಎರಡೂ ಪೆಟ್ಟಿಗೆ ಬಿಚ್ಚಿದೆ. ಅವುಗಳ ಸೆಲ್ಲುಗಳೂ ಸತ್ತು ಹಸಿರು ಹಿಡಿದಿದ್ದವು. ಕೈಗಡಿಯಾರ ಕಟ್ಟದ ಊರಲ್ಲಿ ಅಂಗಡಿಯವರು ಅಂಥ ಸೆಲ್ಲು ಯಾಕೆ ಇಟ್ಟಾರು.

"ಅದಕ್ಯಾಕೆ ಯೋಚ್ನೆ, ಸಂಜೆ ಬಸ್ಸಿಗೆ ತರಿಸಿದ್ರಾಯ್ತು," ಎಂದ ಕೆಂಪರಾಜಣ್ಣ.

"ಸಂಜೆ ಆಗ್ಬೇಕಲ್ಲಣ್ಣ," ಎಂದಳು ರೇವತಿ.

ವಿಷಯ ಹೊರಗೆ ಹೋಯಿತು. ನಗು ನಿಂತುಹೋಗಿ ಅಲ್ಲಲ್ಲಿ ಲೆಕ್ಕಾಚಾರ ಶುರುವಾಯಿತು. ಹನ್ನೊಂದು ವರ್ಷ ಹಿಂದೆ ಎಂದರೆ ನನ್ನ ಮಂಡಿ ಚೆನ್ನಾಗಿತ್ತು ಎಂದಳು ಒಬ್ಬಳು. ಹನ್ನೊಂದು ವರ್ಷ ಹಿಂದೆ ನನ್ನ ತಲೇಲಿ ಕೂದಲಿತ್ತು ಎಂದ ಚೌಡಪ್ಪ, ಯಾರೂ ನಗಲಿಲ್ಲ. ನನ್ನ ಎರಡು ಮಕ್ಕಳೂ ಆಮೇಲಿನವು ಎಂದು ಯಾರೋ ಹೆಂಗಸು ಅಳುವ ದನಿಯಲ್ಲಿ ಹೇಳಿದಳು. ಬಿಸಿಲು ಒಂದೇ ಜಾಗದಲ್ಲಿ ಬಿದ್ದೂ ಬಿದ್ದೂ ಚಾವಡಿಯ ಮೆಟ್ಟಿಲು ಕಾಲಿಡಲಾಗದ ಹಾಗೆ ಕಾದಿತ್ತು.

ಆಗ ದಾಕ್ಷಾಯಣಿ ಮಿಸ್ ಕೊಡೆ ಮಡಿಸಿ ಒಳಗೆ ಬಂದರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಗಂಡ ನಂಜುಂಡಯ್ಯನವರು ಹೋಗಿ ಆರು ವರ್ಷ. ಅವರು ಪರದೆಯ ಮೇಲಿನ ತಾರೀಖನ್ನು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ವಿಶಾಲೂ, ಸೆಲ್ಲು ಸಿಗದೆ ಹೋದ್ರೆ ಏನ್ಮಾಡ್ತೀಯ," ಎಂದರು.

"ಗೊತ್ತಿಲ್ಲ ಮಿಸ್."

"ಎಷ್ಟು ದಿನ ಅಂತ ಬಿಸಿಲಲ್ಲಿ ಬೇಯೋದು. ಬಾವಿ ತಳ ಕಾಣ್ತಿದೆ. ಅದು ಹೆಂಗೆ ಏಳತ್ತೋ ಹಂಗೆ ಏಳ್ಲಿ ಬಿಡು." ದನಿ ತರಗತಿಯಲ್ಲಿ ಪಾಠ ಹೇಳುವಷ್ಟೇ ಸಮವಾಗಿತ್ತು. ರೇವತಿಯ ಕಡೆ ಅವರು ನೋಡಲಿಲ್ಲ. ಹಿಂದೆ ನಿಂತವರಲ್ಲಿ ಮೂರು ನಾಲ್ಕು ತಲೆ ಹೌದೆಂದು ಅಲುಗಿದ್ದನ್ನು ನಾನು ಕಂಡೆ. ಕಳೆದುಕೊಂಡವರು ಅವರೊಬ್ಬರೇ ಅಲ್ಲವಲ್ಲ.

ಊರಲ್ಲಿ ಅದೇ ಅಳತೆಯ, ಜೀವವಿರುವ ಸೆಲ್ಲು ಒಂದಿತ್ತು. ಅದು ಎಲ್ಲಿದೆಯೆಂದು ಗೊತ್ತಿದ್ದದ್ದು ಇಬ್ಬರಿಗೇ: ನನಗೆ, ದಾಕ್ಷಾಯಣಿ ಮಿಸ್‌ಗೆ. ನಂಜುಂಡಯ್ಯನವರ ಶುಗರ್ ನೋಡುವ ಮೀಟರನ್ನು ಅವರು ಸೆರಗಲ್ಲಿ ಸುತ್ತಿಕೊಂಡು ವರ್ಷಕ್ಕೊಮ್ಮೆ ನನ್ನ ಅಂಗಡಿಗೆ ತರುತ್ತಾರೆ. ಬಸ್ಸಿನಲ್ಲಿ ತರಿಸಿದ ಹೊಸ ಸೆಲ್ಲನ್ನು ನಾನು ಹಾಕಿಕೊಡುತ್ತೇನೆ. ಯಾರ ಬೆರಳಿನ ರಕ್ತವೂ ಅದಕ್ಕಿನ್ನು ಬೇಕಿಲ್ಲ. ನೆನಪಿನ ಗುಂಡಿ ಒತ್ತಿದರೆ ನಂಜುಂಡಯ್ಯನವರು ಕೊನೆಯ ಸಲ ನೋಡಿಕೊಂಡ ಅಂಕಿ ಬರುತ್ತದೆ, ಅಷ್ಟಕ್ಕಾಗಿ.

ಚಾವಡಿಯಲ್ಲಿ ಆ ಮಾತೆತ್ತಿದ್ದರೆ ಜನ ಅವರ ಮನೆಗೆ ನುಗ್ಗುತ್ತಿದ್ದರು. ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಮಿಸ್, ನೀರಡಿಕೆ ಆಗಿದೆ, ನಿಮ್ಮನೇಲಿ ಒಂದ್ಲೋಟ ನೀರು ಕೊಡ್ತೀರಾ," ಎಂದೆ. ಅವರು ನನ್ನ ಮುಖ ನೋಡಿದರು. ಅರ್ಥವಾಗಿತ್ತು. ಹೊರಡುವಾಗ ರೇವತಿಗೆ, "ಪ್ಲಗ್ಗಿನ ಹತ್ರ ಯಾರನ್ನೂ ಬಿಡಬೇಡ," ಎಂದೆ. ಅವಳು ಮಗುವಿನೊಂದಿಗೆ ಪ್ಲಗ್ಗಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಮಿಸ್ ಮನೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಅವರು ನೀರು ಕೊಡಲಿಲ್ಲ. ಮೀಟರನ್ನು ಕಪಾಟಿನಿಂದ ತೆಗೆದು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕೂತರು. "ಕೊಡಲ್ಲ," ಎಂದರು. "ಮುನ್ನೂರ ಎಂಬತ್ತಾರು. ಬೆಳಿಗ್ಗೆ ನೋಡ್ಕೊಂಡಾಗ ಇಷ್ಟಿತ್ತು. ಆಮೇಲೂ ನಾನು ಒಬ್ಬಟ್ಟು ಬಡಿಸ್ದೆ, ಹಬ್ಬ ಅಂತ. ಅವ್ರು ಬೇಡ ಅನ್ಲಿಲ್ಲ, ನಾನೂ ಕೇಳ್ಲಿಲ್ಲ. ಆ ಬೆಳಿಗ್ಗೆಗೆ ಹೋದ್ರೆ ನಾನು ಬಡಿಸಲ್ಲ ವಿಶಾಲೂ."

"ಬಡಿಸದೆ ಇದ್ರೂ ಹೋಗ್ತಾರೆ ಮಿಸ್. ನಮ್ಮೂರಲ್ಲಿ ನೋಡಿದೀವಲ್ಲ."

"ಹೋಗ್ಲಿ. ಅದಕ್ಕೆ ಮುಂಚೆ ಐದು ವರ್ಷ ಇರ್ತಾರಲ್ಲ."

ಅದಕ್ಕೆ ನನ್ನಲ್ಲಿ ಇದ್ದದ್ದು ನನ್ನ ಅಮ್ಮನ ಮಾತು. ಅದನ್ನು ನಾನು ಒಂಬತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. "ನಮ್ಮಮ್ಮ ಆ ಹನ್ನೊಂದು ದಿನದಲ್ಲಿ ಹೋದವರು, ನಿಮಗೆ ಗೊತ್ತಲ್ಲ," ಎಂದೆ. "ನಾಲ್ಕನೇ ದಿನ ಹೋಗಿದ್ರು. ತಾರೀಖು ಜಾರಿದ ತಕ್ಷಣ ಓಡಿ ಮನೆಗೆ ಹೋದೆ, ಅಡುಗೆಮನೇಲಿ ಈರುಳ್ಳಿ ಹೆಚ್ತಿದ್ರು. ಅವರಿಗೆ ಏನೂ ನೆನಪಿರ್ಲಿಲ್ಲ. ನಮಗೆ ಎಲ್ಲಾ ನೆನಪಿತ್ತು. ನಾಲ್ಕು ದಿನ ನಾವು ಅವರ ಹಿಂದೆ ಹಿಂದೆ ಓಡಾಡಿದ್ವಿ. ಕೆಮ್ಮಿದ್ರೆ ನಾಲ್ಕು ಜನ ಓಡಿ ಬರ್ತಿದ್ವಿ. ಮೂರನೇ ದಿನ ಅಮ್ಮ ಕಾಫಿ ಲೋಟ ಕೆಳಗಿಟ್ಟು, ಯಾಕ್ರೇ ಎಲ್ಲರೂ ನನ್ನ ಹೀಗೆ ನೋಡ್ತೀರಾ, ನಾನೇನು ಹೋಗ್ತಿದೀನಾ, ಅಂದ್ರು. ಮೊದಲನೇ ಸಲ ನಮ್ಮಮ್ಮ ನಿದ್ದೇಲಿ ಹೋಗಿದ್ರು ಮಿಸ್. ಎರಡನೇ ಸಲ ಹೆದರ್ಕೊಂಡು ಹೋದ್ರು. ಹೆದರಿಸಿದ್ದು ನಾವು."

ಮಿಸ್ ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟರು. ಅದು ಒಡೆದುಹೋಯಿತು. ಒಡೆದ ಹಾಲನ್ನೇ ನೋಡುತ್ತ, "ಕರಿಯಮ್ಮನ ಆ ಕೆಂದು ಕರು ನೋಡಿದ್ದೆ ನಾನು," ಎಂದರು. "ಹಣೇಲಿ ಬಿಳೀ ಚುಕ್ಕೆ ಇತ್ತು." ಮೀಟರನ್ನು ತಂದು ನನ್ನ ಕೈಗಿಟ್ಟರು, ಇಟ್ಟ ಮೇಲೂ ಬೆರಳು ಬಿಡಲಿಲ್ಲ. "ಸೆಲ್ಲು ತೆಗೆದ್ರೆ ಆ ಅಂಕಿ ಹೋಗತ್ತಾ?"

ಹೋಗುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಪ್ರತಿ ಸಲ ನಾನು ಹಳೆಯ ಸೆಲ್ಲು ತೆಗೆದ ಕ್ಷಣದಲ್ಲೇ ಹೊಸದು ಕೂರಿಸುತ್ತಿದ್ದೆ. ಖಾಲಿ ಬಿಟ್ಟು ನೋಡಿದವಳಲ್ಲ. "ಗೊತ್ತಿಲ್ಲ ಮಿಸ್," ಎಂದೆ.

"ಸರಿ. ನಾನೂ ಬರ್ತೀನಿ," ಎಂದರು.

ಚಾವಡಿಯಲ್ಲಿ ಮೀಟರಿನ ಬೆನ್ನು ತೆಗೆದು ಸೆಲ್ಲನ್ನು ಉಗುರಿನಿಂದ ಎಬ್ಬಿಸಿದೆ. ಅದರ ಪರದೆ ಬೂದಿಯ ಬಣ್ಣಕ್ಕೆ ತಿರುಗಿತು. ಪ್ಲಗ್ಗು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಸತ್ತ ಸೆಲ್ಲಿನ ಜಾಗಕ್ಕೆ ಇದನ್ನು ಒತ್ತಿದೆ. ಒಳಗೆ ಕತ್ತಲೆ, ಅದು ಅಲುಗದೆ ಕೂತಿದೆಯೇ ಎಂದು ನೋಡುತ್ತಿರಲು ಟಾರ್ಚ್ ಹಿಡಿಯುವ ಒಂದು ಕೈ ಬೇಕಿತ್ತು. "ಕೊಡು," ಎಂದರು ಮಿಸ್. ರೇವತಿ ನನ್ನನ್ನು ನೋಡಿದಳು. ಆ ನೋಟ ನನಗೆ ತಿಳಿಯಿತು. ಹಿಡಿದ ಬೆಳಕಿನಿಂದ ಆ ಸೆಲ್ಲಿಗೆ ನಾಲ್ಕು ಬೆರಳ ದೂರವೂ ಇಲ್ಲ. ಒಂದು ಉಗುರು ತಾಗಿದರೆ ಸಾಕು, ಸೆಲ್ಲು ಕಳಚುತ್ತದೆ. ನಾನು ಟಾರ್ಚನ್ನು ಮಿಸ್ ಕೈಗೆ ಕೊಟ್ಟೆ.

ಸಿಡಿಯಿಂದ ಎಬ್ಬಿಸಿದೆ. ಇವತ್ತಿನ ತಾರೀಖು ಬರೆದೆ. ಮೂರು ಇಪ್ಪತ್ತು ಎಂದು ಬರೆದೆ. ಒಳಗಿನ ಗಡಿಯಾರಕ್ಕೆ ಒಪ್ಪಿಸಿದೆ. ಅದು ಒಪ್ಪಿಕೊಂಡಿದೆಯೇ ಎಂದು ತಿರುಗಿ ಕೇಳಿದೆ; ಮೂರು ಇಪ್ಪತ್ತು ಎಂದಿತು. ಸಿಡಿ ಹೊರತೆಗೆದು ಕೆಂಪರಾಜಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಮಂಗಳಾರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತ. "ಕಿತ್ತುಬಿಡು," ಎಂದೆ ರೇವತಿಗೆ.

ಅವಳು ಪ್ಲಗ್ಗು ಕಿತ್ತಳು. ಫ್ಯಾನಿನ ಸದ್ದು ನಿಂತಿತು. ಪೆಟ್ಟಿಗೆಯ ಒಳಗೆ ಟಾರ್ಚಿನ ಬೆಳಕು ಸೆಲ್ಲಿನ ಮೇಲೆ ಬಿದ್ದಿತ್ತು, ಬೆಳಕು ನಡುಗುತ್ತಿತ್ತು. ಮಿಸ್ ಉಸಿರಾಡುವುದು ನನಗೆ ಕೇಳುತ್ತಿತ್ತು. ಒಂದು, ಎರಡು, ಮೂರು ಎಂದು ಎಣಿಸಿದೆ. ಆ ಹೊತ್ತಿಗೆ ರೇವತಿಯ ಹೆಗಲ ಮೇಲೆ ಚಾರು ಎಚ್ಚರಗೊಂಡು, ಸುತ್ತ ಇಷ್ಟು ಜನರನ್ನು ಕಂಡು ಗಾಬರಿಯಾಗಿ, ಗುರುತಿನ ಮುಖವೊಂದನ್ನು ಹುಡುಕಿ, "ಮಿಸ್ಸಜ್ಜಿ, ಇನ್ನೂ ಬೆಳಿಗ್ಗೆ ಆಗ್ಲಿಲ್ವಾ," ಎಂದಿತು.

"ಇಲ್ಲಮ್ಮ," ಎಂದರು ಮಿಸ್. "ಮೊದ್ಲು ಸಂಜೆ ಆಗ್ಬೇಕು." ಬೆಳಕಿನ ನಡುಕ ನಿಂತಿತು. "ಹಾಕು ರೇವತಿ."

ಪ್ಲಗ್ಗು ಒಳಗೆ ಹೋಯಿತು. ಫ್ಯಾನು ಒಮ್ಮೆ ಕೆಮ್ಮಿ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು, ಎಷ್ಟು ಹೊತ್ತು ಇತ್ತೆಂದರೆ ಯಾರೋ ಹಿಂದೆ ದೇವರ ಹೆಸರು ಹೇಳತೊಡಗಿದರು. ಆಮೇಲೆ ಒಂದು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಸಾಲುಗಳು ಮೇಲೇರುತ್ತ ಹೋದವು. ಸತ್ತ ಸೆಲ್ಲಿನ ಮಾತು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಎಲ್ಲ ಅಳಿಸಿಹೋಗಿ, ಪರದೆಯ ನಡುವೆ ಇವತ್ತಿನ ತಾರೀಖು ಬಂದು ಕೂತಿತು. ಅದರ ಪಕ್ಕದಲ್ಲಿ ಮೂರು ಇಪ್ಪತ್ತೊಂದು. ಬಿಸಿಲು ಮೂರನೇ ಸರಳಿನಿಂದ ನಾಲ್ಕನೆಯದರ ಕಡೆ ಒಂದು ದಾರದಷ್ಟು ಸರಿಯಿತು. ಹೊರಗೆ ಎಲ್ಲರೂ ನೆಲದ ಮೇಲಿನ ತಮ್ಮ ನೆರಳು ನೋಡಿಕೊಳ್ಳುತ್ತ ನಿಂತಿದ್ದರು. ಮಿಸ್ ಟಾರ್ಚ್ ಆರಿಸಿ ಮೇಜಿನ ಮೇಲಿಟ್ಟು, ಕೊಡೆ ಬಿಚ್ಚಿಕೊಂಡು ಮನೆಗೆ ಹೋದರು.

ಆ ಸಂಜೆ ಬಸ್ಸು ಬಂತು. ಕಂಡಕ್ಟರಿಗೆ ಸೆಲ್ಲಿನ ಒಂದು ಪಟ್ಟಿ ತರಲು ಹೇಳಿದೆ, ಮಾರನೇ ಸಂಜೆ ತಂದ. ಮೀಟರು ತೆಗೆದುಕೊಂಡು ಮಿಸ್ ಮನೆಗೆ ನಾನೇ ಹೋದೆ. ಅವರ ಎದುರಿಗೇ ಹೊಸ ಸೆಲ್ಲು ಕೂರಿಸಿದೆ. ಮೀಟರು ಎಚ್ಚರಗೊಂಡು, ಇವತ್ತು ಯಾವ ದಿನ ಎಂದು ಕೇಳುತ್ತ ಮಿನುಗತೊಡಗಿತು. ನಾನು ತಾರೀಖು ಒತ್ತಲು ಹೋದೆ. ಮಿಸ್ ನನ್ನ ಕೈ ಹಿಡಿದು, ತಾವೇ ನೆನಪಿನ ಗುಂಡಿ ಒತ್ತಿದರು. ಮುನ್ನೂರ ಎಂಬತ್ತಾರು ಬಂತು. ಮೊದಲು ಅದರ ಪಕ್ಕದಲ್ಲಿ ಆ ಹಬ್ಬದ ದಿನದ ತಾರೀಖು ಇರುತ್ತಿತ್ತು. ಈಗ ಆ ಜಾಗದಲ್ಲಿ ಎರಡು ಸಣ್ಣ ಗೆರೆಗಳಿದ್ದವು, ಅಷ್ಟೆ.

"ತಾರೀಖು ಹೋಗಿದೆ ಮಿಸ್," ಎಂದೆ.

ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹಾಗಾದ್ರೆ ಇದು ಯಾವತ್ತಿಂದು ಬೇಕಾದ್ರೂ ಆಗಬಹುದು," ಎಂದರು. ಆಮೇಲೆ ಎದ್ದು, ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೆ ಅಲ್ಲೇ ನಿಂತರು.